ಸಂಚಿಯೊಳಗಿನ ಮಳೆ

ನನ್ನ ಹಾರ್ಡ್ ಡಿಸ್ಕು ಎಲೆಅಡಿಕೆ ಸಂಚಿಯಲ್ಲಿರುತ್ತದೆ. ಕೇಳಿದರೆ ನೀವು ನಗುತ್ತೀರಿ, ಗೊತ್ತು. ಆಫೀಸಿನಲ್ಲಿ ಎಲ್ಲರೂ ನಕ್ಕು ಮುಗಿಸಿದ್ದಾರೆ. ಕೆಂಪು ಬಟ್ಟೆಯ ಸಂಚಿ, ಅಂಚಿಗೆ ಜರಿ, ಬಾಯಿಗೆ ಎಳೆದರೆ ಮುಚ್ಚಿಕೊಳ್ಳುವ ದಾರ. ಒಳಗೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಅಂತ ಬೇರೆ ಬೇರೆ ಜೇಬುಗಳಿವೆ. ಎಲೆ ಇಡುವ ಕಡೆ ಡಿಸ್ಕು, ಅಡಿಕೆಯ ಕಡೆ ಅದರ ವೈರು, ಸುಣ್ಣದ ಜಾಗದಲ್ಲಿ ಒಂದು ಪೆನ್ ಡ್ರೈವು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ.

ಕೊಟ್ಟವಳು ನಮ್ಮತ್ತೆ, ಅಪ್ಪನ ತಂಗಿ ತಾಯಮ್ಮ. ಹುಟ್ಟಿದ ಮನೆಯಲ್ಲೇ ಉಳಿದವಳು. ನಮಗೆಲ್ಲ ತಲೆ ಬಾಚಿ, ಮುದ್ದೆ ಕಟ್ಟಿ ದೊಡ್ಡವರನ್ನು ಮಾಡಿದವಳು. ನಾನೊಮ್ಮೆ ಊರಿಗೆ ಬಂದಾಗ ಡಿಸ್ಕನ್ನು ಬರೀ ಕೈಯಲ್ಲಿ ಹಿಡಿದು ಓಡಾಡುವುದನ್ನು ಕಂಡು ಕೇಳಿದಳು:

"ಅದ್ರೊಳಗೇನೈತೆ ಅಮ್ಮಣ್ಣಿ?"

"ಮಳೆ ಕಣತ್ತೆ."

"ಎಲ್ಲೀದು?"

"ನಮ್ ಕಡೇದೇ. ಹಿಂದೆ ಬಂದಿದ್ದೂ ಐತೆ, ಮುಂದೆ ಬರಾದೂ ಐತೆ."

ಅವಳು ನಗಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದು ಈ ಸಂಚಿ ತಂದಳು. "ಅಂತಾದ್ನ ಬರಿ ಮೈಲಿ ಇಟ್ಕೊಂಡು ತಿರುಗ್ತಾರಾ? ಇದ್ರಾಗೆ ಹಾಕ್ಕೊ" ಅಂದಳು. ಮೂಸಿ ನೋಡಿದೆ. ಸುಣ್ಣದ ವಾಸನೆ ಇಲ್ಲ, ಹೊಗೆಸೊಪ್ಪಿನ ವಾಸನೆ ಇಲ್ಲ, ಬರೀ ನುಸಿಗುಳಿಗೆ ವಾಸನೆ. ಒಂದು ಎಲೆಯೂ ಅದರೊಳಗೆ ಹೋಗಿರಲಿಲ್ಲ. ಯಾಕೆ ಹೋಗಿರಲಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಸಂಗತಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ನನ್ನ ಕೆಲಸ ತುಮಕೂರಿನಲ್ಲಿ. ಹವಾಮಾನದ ಮಾಡೆಲುಗಳು ಅಂತ ಇವೆ. ಭೂಮಿಯನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕದ ಗಾಳಿ, ಬಿಸಿಲು, ತೇವವನ್ನು ಲೆಕ್ಕ ಹಾಕುತ್ತ ಹೋಗುವ ದೊಡ್ಡ ಕಂಪ್ಯೂಟರ್ ಪ್ರೋಗ್ರಾಮುಗಳು. ಲೆಕ್ಕ ಹಾಕುವವರು ದೂರ ದೂರದ ದೇಶದವರು. ಅವರು ಸುರಿದಿಟ್ಟ ರಾಶಿಯಿಂದ ನಮ್ಮ ಕಡೆಯದನ್ನು ಹೆಕ್ಕುವವಳು ನಾನು. ಇಳಿಸಿಕೊಳ್ಳಬೇಕು, ನಮ್ಮ ಚೌಕವನ್ನು ಕತ್ತರಿಸಬೇಕು, ವರ್ಷಗಳನ್ನು ಒಂದಕ್ಕೊಂದು ಸೇರಿಸಬೇಕು. ಹಿಂದಿನ ಕಾಲಕ್ಕೆ ಮಾಡೆಲು ಹೇಳಿದ ಮಳೆಯನ್ನು ನಿಜವಾಗಿ ಅಳೆದ ಮಳೆಯ ಪಕ್ಕ ಇಟ್ಟು ಎಷ್ಟು ತಪ್ಪಿದೆ ಅಂತ ನೋಡಬೇಕು. ಅದೇ ತಪ್ಪು ಮುಂದೆಯೂ ಇರುತ್ತದೆ ಎಂದು ನಂಬಿ, ಮುಂದಿನ ಕಾಲದ ಲೆಕ್ಕವನ್ನೂ ಅಷ್ಟೇ ತಿದ್ದಬೇಕು. ಇದಕ್ಕೆಲ್ಲ ಒಂದರ ಹಿಂದೆ ಒಂದು ಓಡುವ ಪುಟ್ಟ ಪ್ರೋಗ್ರಾಮುಗಳನ್ನು ಬರೆದಿಟ್ಟುಕೊಂಡಿದ್ದೇನೆ. ಗುಂಡಿ ಒತ್ತಿ ಕಾಫಿಗೆ ಹೋಗಿ ಬರುವಷ್ಟರಲ್ಲಿ ಒಂದು ಶತಮಾನ ಮುಗಿದಿರುತ್ತದೆ.

ಊರಿನ ಬಸ್ಸಿನಲ್ಲಿ ನನ್ನ ಮರ್ಯಾದೆ ಹೋಗುವುದು ಇಲ್ಲಿಯೇ. ಪಕ್ಕದಲ್ಲಿ ಕೂತವರು, "ಮಳೆ ಕೆಲ್ಸ ಅಂತಲ್ಲಮ್ಮ, ಈ ವಾರ ಬತ್ತದಾ?" ಎಂದು ಕೇಳುತ್ತಾರೆ. ನಾನು ಗೊತ್ತಿಲ್ಲ ಎನ್ನುತ್ತೇನೆ. "ಮತ್ತೆ ಯಾವಾಗಿಂದು ಗೊತ್ತು?" ನಾನು ಸಣ್ಣ ದನಿಯಲ್ಲಿ ಈ ಶತಮಾನದ ಕೊನೆಯದು ಎನ್ನುತ್ತೇನೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ.

ನಾನು ಬಳಸುವ ಒಂದು ಮಾಡೆಲಿನಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದೇ ಚೌಕ. ನಾಲ್ಕು ತಾಲ್ಲೂಕಿಗೆ ಒಂದೇ ಮಳೆ, ಒಂದೇ ಅಂಕಿ. ಕೊರಟಗೆರೆಯ ತೆಂಗಿನ ತೋಟದವನಿಗೂ ಪಾವಗಡದ ಕಡಲೆಕಾಯಿ ಹೊಲದವನಿಗೂ ಸಮಪಾಲು. ಶಿರಾದಲ್ಲಿ ಉರ್ದು ಬೆರೆಸಿ ಚೌಕಾಸಿ ಮಾಡುವವರು, ಪಾವಗಡದಲ್ಲಿ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವವರು, ಎಲ್ಲರೂ ಒಂದೇ ಮೋಡದ ಕೆಳಗೆ. ಎಷ್ಟು ದೂರದಿಂದಲೂ ಕಾಣುವ ನಮ್ಮ ಮಧುಗಿರಿ ಬೆಟ್ಟ ಅದಕ್ಕೆ ಕಾಣುವುದಿಲ್ಲ. ದೇವರಾಯನದುರ್ಗದ ಸಾಲೂ ಕಾಣುವುದಿಲ್ಲ. ಎಲ್ಲವನ್ನೂ ತಟ್ಟಿ ಸಮ ಮಾಡಿದ ಒಂದು ಬಯಲು, ಅಷ್ಟೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡದ ಪೆದ್ದತನವಿಲ್ಲ. ಮಾಡೆಲುಗಳು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದಿಲ್ಲ, ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಕಿಲೋ ಎಂದು ಹೇಳುತ್ತವೆ. ಅದನ್ನು ದಿನದ ಲೆಕ್ಕಕ್ಕೆ ಗುಣಿಸಿಕೊಳ್ಳಬೇಕು. ಒಮ್ಮೆ ಗುಣಿಸುವುದನ್ನೇ ಮರೆತು ನಕ್ಷೆ ತೆಗೆದೆ. ವರ್ಷಪೂರ್ತಿ ನಮ್ಮ ಚೌಕದಲ್ಲಿ ಮಳೆಯೇ ಇಲ್ಲ! ಎದೆ ಒಡೆದುಹೋಯಿತು. ಪಾವಗಡದ ಕಡೆ ರಾಯಚರ್ಲಿನಲ್ಲಿರುವ ನಮ್ಮ ಭಾವನಿಗೆ ಅದನ್ನು ಫೋನಿನಲ್ಲಿ ಕಳಿಸಿ, ಆಮೇಲೆ ನನ್ನ ತಪ್ಪು ತಿಳಿದು ನಾಚಿಕೊಂಡು ಹೇಳಿದರೆ ಅವರು, "ಏಮಮ್ಮಾ, ತಪ್ಪೆಲ್ಲೈತೆ ಇದ್ರಾಗೆ? ನಮ್ಮೂರ್ದು ಕರೆಕ್ಟಾಗೇ ತೋರಿಸೈತಲ್ಲ" ಎಂದರು.

ಇನ್ನೊಂದು ಮಾಡೆಲಿನಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರವರಿಗೂ ಮೂವತ್ತು. ಲೆಕ್ಕ ಸುಲಭವಾಗಲಿ ಎಂದು ಹಾಗೆ ಮಾಡಿದ್ದಾರೆ. ಅದನ್ನು ನಿಜವಾದ ಕ್ಯಾಲೆಂಡರಿಗೆ ಹೊಂದಿಸಲು ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ ಅತ್ತೆ, "ಅದಕ್ಯಾಕಂಗೆ ಬಡ್ಕೋತೀಯ? ನಮ್ಮಲ್ಲಿ ಅಧಿಕ ಮಾಸ ಬರಾಕಿಲ್ವ? ಒಂದು ತಿಂಗ್ಳೇ ಜಾಸ್ತಿ ಬಂದ್ರೂ ಉಂಡ್ಕೊಂಡು ಅವ್ರೆ ಜನ" ಅಂದಳು. ಅವಳಿಗೆ ತಿಥಿ ನಕ್ಷತ್ರಗಳ ಮೇಲೆ ಭಯಭಕ್ತಿ ಇರಲಿಲ್ಲ. ಮುಹೂರ್ತ ಎಂಬ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಕೊಬ್ಬರಿ ಮಿಠಾಯಿಯ ವಿಷಯ ಹೇಳಲೇಬೇಕು. ನಮ್ಮಪ್ಪ ವಾರಕ್ಕೊಮ್ಮೆ ಮಧುಗಿರಿ ಸಂತೆಗೆ ಹೋಗುತ್ತಾರೆ. ಪುರವರದ ಹತ್ತಿರದ ನಮ್ಮೂರಿನಿಂದ ಮೊದಲು ಟ್ರ್ಯಾಕ್ಟರಿನಲ್ಲಿ, ಈಗ ಬಸ್ಸಿನಲ್ಲಿ. ಅವರು ಬಂದು ಚೀಲ ಸುರಿದರೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಜೊತೆಗೆ ಕಾಗದದ ಒಂದು ಪೊಟ್ಟಣ ಬೀಳುತ್ತಿತ್ತು. ಅದು ತಾಯತ್ತೆಗೆ. ನಮಗಲ್ಲ, ಅಮ್ಮನಿಗಲ್ಲ. ಅಪ್ಪ ಅದನ್ನು ಕೈಯಲ್ಲಿ ಕೊಡುತ್ತಲೂ ಇರಲಿಲ್ಲ. ಉಳಿದ ಸಾಮಾನಿನ ಜೊತೆ ಬೀಳಲು ಬಿಟ್ಟು, ಕಾಲು ತೊಳೆಯಲು ಹೋಗಿಬಿಡುತ್ತಿದ್ದರು. ಅತ್ತೆ ಪೊಟ್ಟಣ ಬಿಚ್ಚಿ, ನಮಗೆಲ್ಲ ಹಂಚಿ, ತನ್ನ ಪಾಲನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಈಗ ಹಲ್ಲಿಲ್ಲ. ಆದರೂ ದವಡೆಯಲ್ಲಿಟ್ಟುಕೊಂಡು ಅರ್ಧ ದಿನ ಕರಗಿಸುತ್ತಾಳೆ.

ಚಿಕ್ಕಂದಿನಲ್ಲಿ ನನಗೆ ಇದು ಅನ್ಯಾಯವಾಗಿ ಕಾಣುತ್ತಿತ್ತು. "ನಿಂಗ್ಯಾಕೆ ಇಲ್ಲ?" ಎಂದು ಅಮ್ಮನನ್ನು ಕೇಳಿದ್ದೆ. ಅಮ್ಮ ಒಲೆಯ ಮುಂದಿನಿಂದ ತಲೆ ಎತ್ತದೆ, "ನಂಗೆ ತಾಳಿ ಕಟ್ಟವ್ರಲ್ಲ, ಮಿಠಾಯಿ ಬೇರೆ ಯಾಕೆ" ಎಂದಿದ್ದಳು. ಅದು ಕುಹಕವೋ ಕನಿಕರವೋ ಆಗ ತಿಳಿಯಲಿಲ್ಲ. ಅಮ್ಮ ಈಗ ಇಲ್ಲ. ಕೇಳಿದ್ದರೆ ಎರಡೂ ಹೌದು ಅನ್ನುತ್ತಿದ್ದಳೇನೋ.

ತಾಯತ್ತೆಗೆ ಮದುವೆ ಗೊತ್ತಾಗಿತ್ತು. ಗಂಡಿನವರದು ಜಯಮಂಗಲಿ ಹೊಳೆಯ ಆಚೆಗೆ, ಕೊರಟಗೆರೆ ಕಡೆಯ ಊರು. ಆಗ ನಮ್ಮಲ್ಲಿ ಧಾರೆ ಗಂಡಿನ ಮನೆಯಲ್ಲೇ ಆಗುತ್ತಿತ್ತು. ಹೆಣ್ಣಿನ ಕಡೆಯವರು ಹಿಂದಿನ ದಿನವೇ ಹೋಗಿ ಬಿಡದಿ ಮನೆಯಲ್ಲಿ ಇಳಿಯಬೇಕು. ತಾತ ತೀರಿಕೊಂಡಿದ್ದರಿಂದ ಅಪ್ಪನೇ ಯಜಮಾನ. ಇನ್ನೂ ಮೀಸೆ ಸರಿಯಾಗಿ ಬಾರದ ಯಜಮಾನ. ಮದುವಣಗಿತ್ತಿಯನ್ನೂ ನೆಂಟರನ್ನೂ ಟ್ರ್ಯಾಕ್ಟರಿನ ಟ್ರೇಲರಿಗೆ ಹತ್ತಿಸಿಕೊಂಡು ಮಧ್ಯಾಹ್ನ ಊರ ಹಿಂದಿನ ಹೊಳೆಗೆ ಬಂದರೆ, ವರ್ಷವಿಡೀ ಬರೀ ಮರಳಾಗಿರುವ ಹೊಳೆಯಲ್ಲಿ ಕೆಂಪು ನೀರು. ಕೃತ್ತಿಕೆಯ ಮಳೆ ಮೇಲ್ಗಡೆ, ಹೊಳೆ ಹುಟ್ಟುವ ದೇವರಾಯನದುರ್ಗದ ಕಡೆ ಎಲ್ಲೋ ಸುರಿದಿತ್ತು. ಇಲ್ಲಿ ಒಂದು ಹನಿಯೂ ಇಲ್ಲ. ಕಾಯೋಣ ಎಂದರು ಕೆಲವರು. ಹೆಂಗಸರು ಮಕ್ಕಳು ಅವ್ರೆ, ನೀರು ಏರ್ತಾನೇ ಐತೆ, ಬೆಳಿಗ್ಗೆ ರಸ್ತೆ ಮೇಲೆ ಸುತ್ತಿಕೊಂಡು ಹೋದರಾಯಿತು ಎಂದು ಅಪ್ಪ ಟ್ರ್ಯಾಕ್ಟರು ತಿರುಗಿಸಿದರು.

ಬೆಳಿಗ್ಗೆ ಸುತ್ತಿಕೊಂಡು ಹೋಗುವಷ್ಟರಲ್ಲಿ ಮುಹೂರ್ತ ಮೀರಿತ್ತು. ಹಸೆಗೆ ಕೂರಿಸಿದ ಗಂಡನ್ನು ಬರಿದೇ ಎಬ್ಬಿಸಬಾರದು ಎಂದು ಅಲ್ಲಿಯ ಹಿರಿಯರು, ಮದುವೆಗೆಂದು ಬಂದಿದ್ದ ಅವನ ಸೋದರಮಾವನ ಮಗಳನ್ನೇ ಪಕ್ಕಕ್ಕೆ ಕೂರಿಸಿ ತಾಳಿ ಕಟ್ಟಿಸಿಬಿಟ್ಟಿದ್ದರು. ನಮ್ಮವರ ಟ್ರ್ಯಾಕ್ಟರು ಹೋಗಿ ನಿಂತಾಗ ಊಟದ ಎಲೆ ಹಾಕುತ್ತಿದ್ದರಂತೆ. ಹೊಳೆಯೇ ಅಡ್ಡ ಬಂದ ಹೆಣ್ಣು ಎಂಬ ಮಾತು ಹಬ್ಬಿತು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಗಂಡನ ಮನೆಗೆಂದು ಹೊಲಿಸಿದ್ದ ಸಂಚಿ ಟ್ರಂಕು ಸೇರಿತು. ಅಪ್ಪನೂ ಅತ್ತೆಯೂ ಅಂದಿನಿಂದ ಒಂದೇ ಸೂರಿನ ಕೆಳಗಿದ್ದಾರೆ. ಆ ದಿನದ ಬಗ್ಗೆ ಇಬ್ಬರೂ ಒಂದು ಮಾತೂ ಆಡಿದವರಲ್ಲ.

ನನ್ನ ಕೆಲಸದ ಬಗ್ಗೆ ಅಪ್ಪ ಎಂದೂ ಏನೂ ಕೇಳಿರಲಿಲ್ಲ. ಕಳೆದ ಮಾಘದಲ್ಲಿ ಊರಿಗೆ ಹೋದಾಗ ಜಗಲಿಯ ಮೇಲೆ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಎದೆಯ ಆಪರೇಷನ್ ಆಗಿ ಬಂದ ಮೇಲೆ ಮೆಲ್ಲಗೆ ಮಾತಾಡುತ್ತಾರೆ.

"ಹಳೇ ಮಳೆನೂ ಐತಂತಲ್ಲ ಮಗ ನಿನ್ನತ್ರ?"

"ಐತಪ್ಪ. ಯಾವ ವರ್ಷದ್ದು?"

ವರ್ಷ ಹೇಳಿದರು. ತಿಂಗಳು, ತಾರೀಖು ಹೇಳಿದರು. ನನಗೆ ತಕ್ಷಣ ಗೊತ್ತಾಯಿತು. "ಅವತ್ತು ಸಾಯಂಕಾಲ ಮೇಲ್ಗಡೆ ಮಳೆ ನಿಂತೋಗಿತ್ತಾ, ಇಲ್ಲ ಹುಯ್ತಾನೇ ಇತ್ತಾ? ಅಷ್ಟು ನೋಡಿ ಹೇಳ್ಬುಡು. ನಿಂತಿದ್ರೆ ಹೊಳೆ ಇಳೀತಿತ್ತು. ಕಾಯ್ಬೇಕಿತ್ತು ನಾನು. ಹೋಗಾಕ್ಮುಂಚೆ ತಿಳ್ಕೊಂಬುಡಾಣ ಅಂತ."

ಇಷ್ಟು ವರ್ಷ ಆ ಮನುಷ್ಯ ಹೊಳೆಯ ದಡದಲ್ಲೇ ಟ್ರ್ಯಾಕ್ಟರು ನಿಲ್ಲಿಸಿಕೊಂಡು ಕೂತಿದ್ದರು ಎಂದು ನನಗೆ ಅಂದೇ ತಿಳಿದದ್ದು.

ಮಾಡೆಲಿನ ಹಿಂದಿನ ಕಾಲ ನಮ್ಮ ಹಿಂದಿನ ಕಾಲವಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಆ ಕಾಲದ ಗಾಳಿ ಬಿಸಿಲು ಹೀಗಿದ್ದರೆ ಮಳೆ ಸುಮಾರು ಹೀಗಿರಬಹುದು ಎಂದು ಅದು ಲೆಕ್ಕ ಹಾಕುತ್ತದೆ. ಇಂಥ ದಿನ ಬಂತೋ ಇಲ್ಲವೋ ಎನ್ನುವುದು ಅದಕ್ಕೆ ಗೊತ್ತಿಲ್ಲ. ಆರಂಭದಲ್ಲಿ ಕೂದಲೆಳೆಯಷ್ಟು ಬದಲಿಸಿ ಮತ್ತೆ ಮತ್ತೆ ಓಡಿಸುತ್ತಾರೆ. ಪ್ರತಿ ಸಲವೂ ಅದೇ ವರ್ಷದಲ್ಲಿ ಬೇರೆ ಬೇರೆ ದಿನ ಮಳೆ ಬೀಳುತ್ತದೆ. ಯಾವುದೂ ಸುಳ್ಳಲ್ಲ, ಯಾವುದೂ ನಡೆದದ್ದಲ್ಲ.

ಗೊತ್ತಿದ್ದೂ ನಾನು ಒಂದೊಂದನ್ನೇ ತೆಗೆದು ಆ ದಿನವನ್ನು ನೋಡಿದೆ. ಯಾವ ಉಪಯೋಗಕ್ಕೂ ಅಲ್ಲ. ಒಂದರಲ್ಲಿ ಜೋರು ಮಳೆ ಇತ್ತು. ಇನ್ನೊಂದರಲ್ಲಿ ಆ ವಾರವೆಲ್ಲ ಒಣ ಬಿಸಿಲು. ಆ ಒಣ ಬಿಸಿಲಿನ ಮುಂದೆ ಬಹಳ ಹೊತ್ತು ಕೂತಿದ್ದೆ. ಅಲ್ಲಿ ಟ್ರ್ಯಾಕ್ಟರು ಮರಳಿನಲ್ಲಿ ದಡಬಡ ಹೊಳೆ ದಾಟಿತು. ಸಂಚಿಗೆ ಎಲೆ ಬಿತ್ತು. ನಮ್ಮ ತಲೆ ಬಾಚಲು ಮನೆಯಲ್ಲಿ ಅತ್ತೆ ಇರಲಿಲ್ಲ. ನನ್ನ ಸ್ವಾರ್ಥ ನೋಡಿ, ಅದನ್ನು ನೆನೆದು ಅತ್ತೆಗಾಗಿ ಸಂತೋಷಪಡುವ ಬದಲು ನನಗೆ ಅಳು ಬಂತು.

ನಡೆದ ಹವಾಮಾನವನ್ನೇ ಹಳೆಯ ಅಳತೆಗಳಿಂದ ಮತ್ತೆ ಕಟ್ಟಿ ಕೊಡುವ ಇನ್ನೊಂದು ಬಗೆಯ ಮಾಹಿತಿ ಇದೆ. ಅಪ್ಪನಿಗೆ ಬೇಕಾದದ್ದು ಅದು. ಅದನ್ನೂ ತೆಗೆದೆ. ಅಲ್ಲಿಯೂ ನಮ್ಮ ಕಡೆಗೆ ದೊಡ್ಡ ಚೌಕವೇ. ಆ ದಿನ ಮಧ್ಯಾಹ್ನ ಒಂದು ತುಂತುರು, ಸಂಜೆಗೆ ಅದೂ ಇಲ್ಲ. ಒಂದು ಬೆಟ್ಟದ ನೆತ್ತಿಯ ಮೇಲೆ ಕೊಡ ಬಗ್ಗಿಸಿದ ಹಾಗೆ ಬಿದ್ದ ಮಳೆಯನ್ನು ಅಷ್ಟಗಲಕ್ಕೂ ಹಂಚಿದರೆ ತುಂತುರಲ್ಲದೆ ಇನ್ನೇನಾದೀತು? ಅದರಿಂದ ಹೊಳೆಯ ಮಾತು ಹೇಳಲು ಬರುವುದಿಲ್ಲ. ಆದರೆ ಅಪ್ಪ ಕೇಳುವುದು ಒಂದೇ: ನಿಂತಿತ್ತಾ, ಇಲ್ಲವಾ?

ಹಿತ್ತಿಲಿನಲ್ಲಿ ಅತ್ತೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ನಾರು ತೆಗೆಯತೊಡಗಿದೆ. ಏನು ಹುಡುಕುತ್ತಿದ್ದೇನೆ ಎಂದು ಅವಳಿಗೆ ಹೇಳಬೇಕಾಗಲಿಲ್ಲ. ಜಗಲಿಯ ಮಾತು ಹಿತ್ತಿಲಿಗೆ ಕೇಳುತ್ತದೆ.

"ಸಿಕ್ತಾ?"

"ಸರಿಯಾಗಿ ಗೊತ್ತಾಗಾಕಿಲ್ಲ ಕಣತ್ತೆ. ನಿಂತಿತ್ತು ಅನ್ನಂಗೆ ತೋರಿಸ್ತೈತೆ."

ಅವಳು ಎರಡು ಹಣ್ಣು ಕುಟ್ಟಿದಳು. "ನಿಂತಿತ್ತು ಕಣಮ್ಮಣ್ಣಿ. ಹೊತ್ತು ಮುಳುಗಾ ಹೊತ್ಗೆ ನೀರು ಮೊಣಕಾಲಿಗೂ ಇರ್ಲಿಲ್ಲ. ಎಮ್ಮೆ ದಾಟ್ಕೊಂಡು ಬತ್ತಿದ್ವು."

"ನಿಂಗೆಂಗೆ ಗೊತ್ತು?"

"ನೋಡಿದ್ನಲ್ಲ. ಅರಿಶಿನ ಹಚ್ಚಿದೋಳು ಹೊಸಲು ದಾಟಬಾರ್ದು ಅಂತ ಕೂರಿಸಿದ್ರು. ಚೊಂಬು ಹಿಡ್ಕೊಂಡು ಬಯಲಿಗೆ ಹೋಯ್ತೀನಿ ಅಂತ ಹೋದೆ. ಹಂಗೇ ಹೊಳೆ ತಂಕ ಹೋಗಿ ನೋಡ್ಕೊಂಡು ಬಂದೆ."

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ? ಅಪ್ಪನಿಗೆ ಒಂದು ಮಾತು ಅಂದಿದ್ರೆ..."

"ಮದುವಣಗಿತ್ತಿ ಬಾಯಿಬಿಟ್ಟು 'ನೀರು ಇಳಿದೈತೆ, ನಡೀರಿ ಹೋಗಾನ' ಅಂತ ಹೆಂಗಮ್ಮ ಹೇಳಾದು? ಮನೆ ತುಂಬ ನೆಂಟ್ರು. ಇವ್ಳಿಗೆಷ್ಟು ಆತ್ರ ನೋಡು ಅಂತ ನಗ್ತಿರ್ಲಿಲ್ವ? ಯಾರಾನ ಗಂಡಸ್ರು ಹೋಗಿ ನೋಡ್ತಾರೆ ಅಂತ ಕುಂತಿದ್ದೆ. ಒಬ್ರೂ ಹೋಗ್ಲಿಲ್ಲ."

ನಾಚಿಕೆ. ಒಂದು ಸಂಜೆಯ ನಾಚಿಕೆ. ನಾನು ಹುಣಸೆಹಣ್ಣಿನ ಕೈಯಲ್ಲೇ ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು, "ನಿಮ್ಮಪ್ಪಂಗೆ ಹುಯ್ತಾನೇ ಇತ್ತು ಅಂತ ಹೇಳ್ಬುಡು. ಎದೆ ಕುಯ್ಸ್ಕೊಂಡು ಬಂದವ್ನೆ, ಇನ್ಯಾಕದು ಅವ್ನಿಗೆ" ಎಂದಳು.

ನಾನು ಕೆಲಸದಲ್ಲಿ ಒಂದು ಅಂಕಿಯನ್ನೂ ಮನಸ್ಸಿಗೆ ಬಂದ ಹಾಗೆ ಬದಲಿಸಿದವಳಲ್ಲ. ಅದೊಂದೇ ನನಗಿರುವ ಜಂಬ. ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ ಅಪ್ಪನ ಪಕ್ಕ ಕೂತೆ. ಆ ಜೋರು ಮಳೆಯ ಮಾಡೆಲಿನ ಚಿತ್ರವನ್ನೇ ತೆರೆದೆ. ಎಂದೂ ನಡೆಯದಿದ್ದ ಆ ದಿನದ ಉದ್ದಕ್ಕೂ ನೀಲಿ ಗೆರೆಗಳು ಎದ್ದು ನಿಂತಿದ್ದವು.

"ಸಾಯಂಕಾಲ ಪೂರ್ತಿ ಹುಯ್ದೈತಪ್ಪ. ರಾತ್ರಿನೂ ನಿಂತಿಲ್ಲ. ನೀವು ಕಾದಿದ್ರೂ ಹೊಳೆ ಇಳೀತಿರ್ಲಿಲ್ಲ."

ಅಪ್ಪ ಕನ್ನಡಕ ಹಾಕಿಕೊಂಡು ಆ ಗೆರೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಒಳಗಿನ ಕಡೆ ತಿರುಗಿ, ನಾನು ಹುಟ್ಟಿದಾಗಿನಿಂದ ಕೇಳದ ಮಾತನ್ನು ಕೂಗಿ ಹೇಳಿದರು: "ತಾಯಮ್ಮ, ಕೇಳುದ್ಯಾ? ಅವತ್ತು ಮಳೆ ನಿಂತೇ ಇರ್ಲಿಲ್ವಂತೆ!"

"ಹೂಂ ಕಣಣ್ಣ" ಎಂದು ಹಿತ್ತಿಲಿನಿಂದ ದನಿ ಬಂತು. "ನಂಗೂ ಹಂಗೇ ಅನ್ಸಿತ್ತು."

ಅಪ್ಪ ಗೋಡೆಗೆ ಒರಗಿ ಉಸಿರುಬಿಟ್ಟರು. "ಹಂಗಾರೆ ನಂದೇನೂ ಇಲ್ಲ ಬುಡು. ಅವ್ಳ ಹಣೇಲೇ ಬರ್ದಿರ್ಲಿಲ್ಲ" ಎಂದರು.

ನಾನು ಅಪ್ಪನ ಮೇಲಿನ ಭಾರ ಇಳಿಸಲು ಹೋದವಳು, ಅದು ಇಳಿದು ಎಲ್ಲಿ ಕೂರುತ್ತದೆ ಎಂದು ಯೋಚಿಸಿರಲಿಲ್ಲ. ಅಪ್ಪ ಕೆಟ್ಟವರಲ್ಲ. ಅವರು ನಿಜವಾಗಿ ಹಗುರಾಗಿದ್ದರು, ಅಷ್ಟೇ. ಇಲ್ಲಪ್ಪ, ಅದು ಬೇರೆ ಮಳೆ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಲ್ಯಾಪ್‌ಟಾಪು ಮುಚ್ಚಿದೆ.

ಮರುವಾರ ನಾನು ಊರಿಗೆ ಹೋದದ್ದು ಸಂತೆಯ ದಿನ. ಬಸ್ಸಿಳಿದು ಬಂದ ಅಪ್ಪ ಚೀಲವನ್ನು ನಡುಮನೆಯಲ್ಲಿ ಸುರಿದು ಕಾಲು ತೊಳೆಯಲು ಹೋದರು. ಅತ್ತೆ ಕೂತು ಈರುಳ್ಳಿ ಒಂದು ಕಡೆ, ಬೆಳ್ಳುಳ್ಳಿ ಒಂದು ಕಡೆ ಮಾಡಿದಳು. ಮೆಣಸಿನಕಾಯಿಯ ರಾಶಿಯಲ್ಲಿ ಕೈಯಾಡಿಸಿದಳು. ಚೀಲವನ್ನು ಒಳಗು ಹೊರಗು ಮಾಡಿ ಕೊಡವಿದಳು. ಒಂದಿಷ್ಟು ಈರುಳ್ಳಿ ಸಿಪ್ಪೆ ಉದುರಿತು, ಪೊಟ್ಟಣ ಬೀಳಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು, "ಮರ್ತಿರ್ಬೇಕು ಬುಡು, ವಯಸ್ಸಾಯ್ತಲ್ಲ" ಎಂದು ಚೀಲ ಮಡಚಿ ಗೂಟಕ್ಕೆ ಹಾಕಿದಳು.

ಬಚ್ಚಲಿನಲ್ಲಿ ಅಪ್ಪ ಏನೋ ಹಾಡು ಗುನುಗುತ್ತ ಕಾಲ ಮೇಲೆ ನೀರು ಹಾಕಿಕೊಳ್ಳುತ್ತಿದ್ದರು. ಅವರು ಹಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.